ನೋಡಲು ಹೋಗುವವರ ಧರ್ಮ

ನಮ್ಮ ಹಿರಿಯರು ಊರು ಬಿಟ್ಟು ದೂರ ಹೋಗುತ್ತಿದ್ದುದು ಮುಖ್ಯವಾಗಿ ಎರಡು ಕಾರಣಗಳಿಗೆ. ಒಂದು ಹೊಟ್ಟೆಪಾಡು, ಇನ್ನೊಂದು ಯಾತ್ರೆ. ಸುಮ್ಮನೆ ನೋಡಿ ಬರಲೆಂದು ದುಡ್ಡು ಖರ್ಚು ಮಾಡಿ ಹೋಗುವುದು ಅವರ ಕಣ್ಣಿಗೆ ಅರಸುಮಕ್ಕಳ ಶೋಕಿ. ಯಾತ್ರೆಗಾದರೂ ಒಂದು ಕಟ್ಟುಪಾಡಿತ್ತು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರಬೇಕು, ಮತ್ತೆ ಅದನ್ನು ಮುಟ್ಟಬಾರದು. ಮಾವಿನ ಹಣ್ಣು ಬಿಡಲು ಮನಸ್ಸೊಪ್ಪದೆ ಹಾಗಲಕಾಯಿ ಬಿಟ್ಟು ಬಂದ ಜಾಣರೂ ನಮ್ಮಲ್ಲಿ ಇಲ್ಲದಿಲ್ಲ. ಅದೇನೇ ಇರಲಿ, ದೂರದ ಕ್ಷೇತ್ರವನ್ನು ಕಂಡು ಬಂದವನು ಏನನ್ನಾದರೂ ಬಿಟ್ಟುಕೊಟ್ಟು ಬರಬೇಕು ಎಂಬ ವಿಚಾರ ಆ ಪದ್ಧತಿಯಲ್ಲಿತ್ತು.

ಈಗ ಕಾಲ ಬದಲಾಗಿದೆ. ಎಲ್.ಟಿ.ಸಿ. ರಜೆಯಲ್ಲಿ ಊಟಿ, ಕಾಶ್ಮೀರಗಳನ್ನು ನೋಡಿ ಮುಗಿಸಿದ ನಾವು, ಮಕ್ಕಳು ಹೊರದೇಶಗಳಲ್ಲಿ ನೆಲೆಸಿದ ಮೇಲೆ ಇನ್ನೂ ದೂರಕ್ಕೆ ಹೋಗತೊಡಗಿದ್ದೇವೆ. ಹಾಗೆ ಹೋಗುವವರಲ್ಲಿ ಈಚೆಗೆ ಕೆಲವರು ಸಣ್ಣ ಹಡಗಿನ ತಂಡಪ್ರವಾಸದ ಬಗ್ಗೆ ವಿಚಾರಿಸುತ್ತಾರೆ. ಇದು ಸಾವಿರಾರು ಜನರನ್ನು ಹೊತ್ತು ತೇಲುವ, ಈಜುಕೊಳ, ನಾಟಕಶಾಲೆಗಳಿರುವ ಮಹಾನೌಕೆಯಲ್ಲ. ಹದಿನಾರು ಜನ, ಹೆಚ್ಚೆಂದರೆ ನೂರು ಜನ ಒಟ್ಟಿಗೆ ಹೋಗುವ ಹಡಗು. ಸುಂದರವಾದ ಕರಾವಳಿಗಳನ್ನು ಹಿಡಿದು ಸಾಗಿ, ಹಕ್ಕಿಗಳನ್ನೂ ಕಡಲ ಪ್ರಾಣಿಗಳನ್ನೂ ಹತ್ತಿರದಿಂದ ನೋಡಿ, ಯಾರಿಗೂ ತೊಂದರೆ ಕೊಡದೆ ಹಿಂತಿರುಗುವುದು ಅದರ ಉದ್ದೇಶ. ಕೇಳಿದರೆ ಇದಕ್ಕಿಂತ ನಿರಪರಾಧಿಯಾದ ಸಂತೋಷ ಬೇರೆ ಇಲ್ಲವೆನಿಸುತ್ತದೆ. ಇದು ನಿಜವೇ? ಬರಿದೇ ನೋಡುವುದರಿಂದ ಯಾರಿಗೂ ಕೇಡಿಲ್ಲವೇ? ನೋಡುವುದಕ್ಕೆ ನಮಗೆ ಹಕ್ಕಿದೆಯೇ? ಈ ಪ್ರಶ್ನೆಗಳನ್ನು ಇಂಥ ಪ್ರವಾಸಕ್ಕೆ ಹೆಸರಾದ ಒಂದು ಜಾಗವನ್ನು ಎದುರಿಗಿಟ್ಟುಕೊಂಡು ಯೋಚಿಸುವುದು ಒಳ್ಳೆಯದು. ಆ ಜಾಗ ಗಲಾಪಗೋಸ್ ದ್ವೀಪಗಳು.

ದಕ್ಷಿಣ ಅಮೆರಿಕದ ಇಕ್ವೆಡಾರ್ ದೇಶಕ್ಕೆ ಸೇರಿದ ಈ ದ್ವೀಪಸಮೂಹ ಅದರ ಕರಾವಳಿಯಿಂದ ಸುಮಾರು ಸಾವಿರ ಕಿಲೋಮೀಟರ್ ಪಶ್ಚಿಮಕ್ಕೆ, ಶಾಂತಸಾಗರದ ನಡುವೆ, ಭೂಮಧ್ಯರೇಖೆಯ ಮೇಲಿದೆ. ಅಗ್ನಿಪರ್ವತಗಳು ಉಗುಳಿದ ಕಪ್ಪು ಕಲ್ಲಿನ ನೆಲ. ಜಗತ್ತಿನಲ್ಲಿ ಕಡಲಿಗಿಳಿದು ಮೇಯುವ ಹಲ್ಲಿಜಾತಿಯ ಪ್ರಾಣಿ ಇರುವುದು ಇಲ್ಲಿ ಮಾತ್ರ. ಹಾರುವುದನ್ನು ಮರೆತ ನೀರುಕಾಗೆ, ಬಿಸಿಲ ನಾಡಿನಲ್ಲಿ ಬದುಕುವ ಪೆಂಗ್ವಿನ್, ನೀಲಿ ಕಾಲಿನ ಬೂಬಿ ಹಕ್ಕಿ, ನೂರು ವರ್ಷ ಮೀರಿ ಬಾಳುವ ದೈತ್ಯ ಆಮೆ ಇಲ್ಲಿವೆ. 1835ರಲ್ಲಿ ಇಪ್ಪತ್ತಾರರ ತರುಣ ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನಲ್ಲಿ ಬಂದು ಇಲ್ಲಿ ಐದು ವಾರ ಕಳೆದ. ಮುಂದೆ ಜೀವವಿಕಾಸದ ಬಗ್ಗೆ ಅವನಲ್ಲಿ ಬೆಳೆದ ವಿಚಾರಗಳಿಗೆ ಇಲ್ಲಿ ಕಂಡದ್ದೂ ಒಂದು ಆಧಾರವಾಯಿತು. 1959ರಲ್ಲಿ ಇಕ್ವೆಡಾರ್ ಸರ್ಕಾರ ಈ ದ್ವೀಪಗಳನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿತು. ನೆಲದ ನೂರಕ್ಕೆ ತೊಂಬತ್ತೇಳು ಪಾಲು ಉದ್ಯಾನಕ್ಕೆ ಸೇರಿದೆ. 1978ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಮೊದಲ ಪಟ್ಟಿಯಲ್ಲೇ ಇದಕ್ಕೆ ಸ್ಥಾನ ದೊರೆಯಿತು.

ಇಲ್ಲಿ ಹಡಗಿನ ಪ್ರವಾಸ ಹೇಗೆ ನಡೆಯುತ್ತದೆಂಬುದನ್ನು ತಿಳಿದರೆ ನಮಗೆ ಆಶ್ಚರ್ಯವಾಗುತ್ತದೆ. ನೂರಕ್ಕಿಂತ ಹೆಚ್ಚು ಪ್ರವಾಸಿಗಳಿರುವ ಹಡಗಿಗೆ ದ್ವೀಪಗಳ ನಡುವೆ ಸಂಚರಿಸಲು ಅನುಮತಿಯಿಲ್ಲ. ಹದಿನಾರು ಜನರಿಗೆ ಒಬ್ಬನಂತೆ ಉದ್ಯಾನದ ಪರವಾನಗಿ ಪಡೆದ ಮಾರ್ಗದರ್ಶಿ ಇರಲೇಬೇಕು. ಯಾವ ಹಡಗು ಯಾವ ದಿನ ಯಾವ ದ್ವೀಪದ ಬಳಿ ಇರಬೇಕೆಂಬುದನ್ನು ನಾಯಕನಲ್ಲ, ಉದ್ಯಾನದವರು ನಿರ್ಧರಿಸುತ್ತಾರೆ. 2012ರಲ್ಲಿ ತಂದ ಕ್ರಮದ ಪ್ರಕಾರ ಒಂದು ಹಡಗು ಎರಡು ವಾರದೊಳಗೆ ಅದೇ ತಾಣಕ್ಕೆ ಮತ್ತೆ ಹೋಗುವಂತಿಲ್ಲ. ರಾತ್ರಿ ಹಡಗು ಸಾಗುತ್ತದೆ. ಬೆಳಗ್ಗೆ ರಬ್ಬರಿನ ದೋಣಿಯಲ್ಲಿ ದಡಕ್ಕೆ ಇಳಿಸುತ್ತಾರೆ. ಗೂಟಗಳಿಂದ ಗುರುತು ಮಾಡಿದ ಕಾಲುದಾರಿ ಬಿಟ್ಟು ಆಚೆ ಕಾಲಿಡುವಂತಿಲ್ಲ. ಪ್ರಾಣಿಗಳಿಂದ ಎರಡು ಮೀಟರ್ ದೂರ ನಿಲ್ಲಬೇಕು. ತಿಂಡಿ ಒಯ್ಯಬಾರದು, ಮುಟ್ಟಬಾರದು, ಕಲ್ಲು ಚಿಪ್ಪುಗಳನ್ನು ಎತ್ತಿಕೊಳ್ಳಬಾರದು. ಒಂದು ದ್ವೀಪದ ಮರಳು, ಬೀಜ ಇನ್ನೊಂದಕ್ಕೆ ಹೋಗದಂತೆ ಕಾಲು ತೊಳೆದು ಹಡಗು ಹತ್ತಬೇಕು. ನಮ್ಮ ದೇವಸ್ಥಾನಗಳಲ್ಲಿ ಕಾಲು ತೊಳೆದು ಒಳಗೆ ಹೋಗುವಂತೆ, ಇಲ್ಲಿ ಹೊರಡುವಾಗಲೂ ತೊಳೆಯಬೇಕು.

ಇಷ್ಟೊಂದು ನಿಯಮ ಏಕೆ? ಅಲ್ಲಿನ ಪ್ರಾಣಿಗಳಿಗೆ ಮನುಷ್ಯನೆಂದರೆ ಭಯವಿಲ್ಲ. ಲಕ್ಷಾಂತರ ವರ್ಷ ನೆಲದ ಮೇಲೆ ಬೇಟೆಯಾಡುವ ದೊಡ್ಡ ಮೃಗವನ್ನು ಕಾಣದೆ ಬೆಳೆದ ಜೀವಗಳು ಅವು. ಗಿಡುಗವೊಂದನ್ನು ಕೊಂಬೆಯಿಂದ ಬಂದೂಕಿನ ಮೂತಿಯಿಂದಲೇ ತಳ್ಳಿದೆನೆಂದು ಡಾರ್ವಿನ್ ಬರೆದಿದ್ದಾನೆ. ಇಂದಿಗೂ ಕಡಲಸಿಂಹ ದಾರಿಯಲ್ಲೇ ಮಲಗಿರುತ್ತದೆ, ಬಂದವರು ಸುತ್ತುಬಳಸಿ ಹೋಗಬೇಕು. ನಮ್ಮ ಶಾಸ್ತ್ರಗಳು ಅಭಯದಾನವನ್ನು ದೊಡ್ಡ ದಾನವೆಂದು ಹೊಗಳುತ್ತವೆ. ಬಲವುಳ್ಳವನು ಬಲವಿಲ್ಲದವನಿಗೆ ‘ಹೆದರಬೇಡ’ ಎನ್ನುವುದು ಅಭಯ. ಇಲ್ಲಿ ಕೊಡುವ ಮಾತೇ ಬರುವುದಿಲ್ಲ, ಅದು ಆಗಲೇ ಅಲ್ಲಿದೆ. ನಾವು ಮಾಡಬೇಕಾದ್ದು ಅದನ್ನು ಕೆಡಿಸದೆ ಇರುವುದಷ್ಟೇ.

ಆ ನಂಬಿಕೆಗೆ ಮನುಷ್ಯ ಹಿಂದೆ ಕೊಟ್ಟ ಉತ್ತರ ಒಳ್ಳೆಯದಲ್ಲ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ತಿಮಿಂಗಿಲ ಬೇಟೆಗಾರರ ಹಡಗುಗಳು ಇಲ್ಲಿ ನಿಂತು ದೈತ್ಯ ಆಮೆಗಳನ್ನು ಹೊತ್ತೊಯ್ಯುತ್ತಿದ್ದವು. ಅನ್ನನೀರಿಲ್ಲದೆ ತಿಂಗಳುಗಟ್ಟಲೆ ಬದುಕುವ ಪ್ರಾಣಿಯೆಂದು ಅವನ್ನು ಹಡಗಿನ ಒಡಲಲ್ಲಿ ಜೀವಂತವಾಗಿ ಪೇರಿಸಿಟ್ಟು, ಬೇಕಾದಾಗ ಕೊಂದು ತಿನ್ನುತ್ತಿದ್ದರು. ಹೀಗೆ ಹೋದ ಆಮೆಗಳು ಲಕ್ಷಕ್ಕೂ ಮಿಕ್ಕಿ ಎಂದು ಅಂದಾಜು. ಪಿಂಟಾ ಎಂಬ ದ್ವೀಪದ ಆಮೆಯ ಸಂತತಿಯಲ್ಲಿ ಕೊನೆಗೆ ಒಂದೇ ಒಂದು ಗಂಡು ಉಳಿದಿತ್ತು. 1971ರಲ್ಲಿ ಕಣ್ಣಿಗೆ ಬಿದ್ದ ಅದನ್ನು ಸಾಂತಾಕ್ರೂಸ್ ದ್ವೀಪದ ಸಂಶೋಧನ ಕೇಂದ್ರಕ್ಕೆ ತಂದು ಸಾಕಿದರು. ‘ಒಂಟಿ ಜಾರ್ಜ್’ ಎಂದು ಲೋಕವೆಲ್ಲ ಅದನ್ನು ಕರೆಯಿತು. ನೋಡಲು ಬರುವವರಿಗೆ ಕೊರತೆಯಿರಲಿಲ್ಲ, ಜೊತೆಗಾತಿ ಮಾತ್ರ ಸಿಗಲಿಲ್ಲ. 2012ರಲ್ಲಿ ಜಾರ್ಜ್ ಸತ್ತಾಗ ಆ ವಂಶ ಮುಗಿಯಿತು.

‘ಅವರು ತಿನ್ನಲು ಹೋದವರು, ನಾವು ನೋಡಲು ಹೋಗುವವರು, ನಮಗೂ ಅವರಿಗೂ ಏನು ಸಂಬಂಧ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನೋಡುವವನೂ ಗಾಳಿಯಲ್ಲಿ ತೇಲಿ ಬರುವುದಿಲ್ಲ. ಅವನನ್ನು ಹೊರುವ ಹಡಗಿಗೆ ಎಣ್ಣೆ ಬೇಕು. 2001ರ ಜನವರಿಯಲ್ಲಿ ಜೆಸ್ಸಿಕಾ ಎಂಬ ತೈಲದ ಹಡಗು ಸಾನ್ ಕ್ರಿಸ್ತೋಬಲ್ ದ್ವೀಪದ ಬಳಿ ನೆಲ ಹಿಡಿದು ಒಡೆಯಿತು. ಅದರಲ್ಲಿದ್ದ ಎಣ್ಣೆಯಲ್ಲಿ ಒಂದು ಭಾಗ ಪ್ರವಾಸಿ ಹಡಗೊಂದಕ್ಕೆಂದು ತಂದದ್ದು. ಗಾಳಿ, ಪ್ರವಾಹಗಳು ಎಣ್ಣೆಯನ್ನು ಕಡಲಿಗೆ ಹರಡಿದವು, ಕಣ್ಣಿಗೆ ಕಾಣುವ ಹಾನಿ ಹೆಚ್ಚಾಗಲಿಲ್ಲ, ಜನ ನಿಟ್ಟುಸಿರು ಬಿಟ್ಟರು. ಆದರೆ ಅದಕ್ಕೂ ಮೊದಲಿನಿಂದ ಸಾಂತಾಫೆ ದ್ವೀಪದ ಕಡಲ ಹಲ್ಲಿಗಳನ್ನು ಎಣಿಸುತ್ತಿದ್ದ ವಿಜ್ಞಾನಿಗಳು ಮುಂದಿನ ವರ್ಷ ಬೇರೆಯೇ ಸಂಗತಿ ತಿಳಿಸಿದರು. ಆ ದ್ವೀಪಕ್ಕೆ ತಾಗಿದ್ದು ಎಣ್ಣೆಯ ಲೇಶ ಮಾತ್ರ. ಆದರೂ ಒಂದು ವರ್ಷದೊಳಗೆ ಅಲ್ಲಿನ ಹಲ್ಲಿಗಳಲ್ಲಿ ನೂರಕ್ಕೆ ಅರವತ್ತೆರಡು ಸತ್ತಿದ್ದವು. ಪ್ರವಾಸಿಯ ಕೈಯಲ್ಲಿ ಕೋವಿ ಇರಲಿಲ್ಲ, ಮನಸ್ಸಿನಲ್ಲಿ ದ್ವೇಷವಿರಲಿಲ್ಲ. ಅವನು ಬಯಸಿದ್ದು ನೋಡುವುದನ್ನು ಮಾತ್ರ. ನಮ್ಮ ಉದ್ದೇಶ ಶುದ್ಧವಾಗಿದ್ದರೆ ಸಾಕು, ಫಲದ ಹೊಣೆ ನಮ್ಮದಲ್ಲ ಎಂದು ತಿಳಿಯುವವರು ಈ ಹಲ್ಲಿಗಳನ್ನು ನೆನೆಯಬೇಕು.

ಇನ್ನೊಂದು ಹಾನಿ ಸದ್ದಿಲ್ಲದೆ ಬರುವಂಥದು. ಜನ ಹೆಚ್ಚಾದಂತೆ ಅವರಿಗೆ ಬೇಕಾದ ಅಕ್ಕಿ, ತರಕಾರಿ, ಇಟ್ಟಿಗೆ, ಸಿಮೆಂಟುಗಳನ್ನು ಹೊರಗಿನಿಂದ ತರಬೇಕು. ಆ ಸರಕುಗಳ ಜೊತೆ ಇರುವೆ, ಕಳೆಗಿಡ, ಹುಳುಗಳು ಬರುತ್ತವೆ. ಎಂದೋ ಹೊರಗಿನಿಂದ ಬಂದು ನೆಲೆಸಿದ ಒಂದು ಜಾತಿಯ ನೊಣ ಅಲ್ಲಿನ ಪುಟ್ಟ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ಅದರ ಮರಿಹುಳು ಹಕ್ಕಿಮರಿಗಳ ರಕ್ತ ಹೀರಿ ಕೊಲ್ಲುತ್ತದೆ. ಡಾರ್ವಿನ್ನನ ಹೆಸರಿನಿಂದ ಕರೆಯುವ ಗುಬ್ಬಿಜಾತಿಯ ಹಕ್ಕಿಗಳಿಗೆ ಇಂದು ಇದು ದೊಡ್ಡ ಗಂಡಾಂತರ. ‘ನಾನೊಬ್ಬ ಹೋದರೆ ಏನು ಮಹಾ?’ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಕೊಳಕ್ಕೆ ಹಾಲು ಸುರಿಯಿರೆಂದು ಅರಸ ಹೇಳಿದಾಗ ಊರಿನವರೆಲ್ಲ ‘ನನ್ನದೊಂದು ಚೊಂಬು ನೀರಾದರೆ ಯಾರಿಗೆ ತಿಳಿದೀತು’ ಎಂದು ನೀರು ಸುರಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುವುದುಂಟು. 1980ರ ಸುಮಾರಿಗೆ ಈ ದ್ವೀಪಗಳಿಗೆ ಬರುತ್ತಿದ್ದವರು ವರ್ಷಕ್ಕೆ ಇಪ್ಪತ್ತು ಸಾವಿರದ ಒಳಗೆ. 2018ರಲ್ಲಿ ಆ ಸಂಖ್ಯೆ ಎರಡೂವರೆ ಲಕ್ಷ ದಾಟಿತ್ತು. ನಡುವೆ 2007ರಿಂದ 2010ರ ವರೆಗೆ ಯುನೆಸ್ಕೋ ಇದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿತ್ತು.

ಹಾಗಾದರೆ ಯಾರೂ ಹೋಗಲೇಬಾರದೇ? ಅಷ್ಟು ಸುಲಭವಾಗಿ ತೀರ್ಪು ಕೊಡುವಂತಿಲ್ಲ. ನೋಡುವವರಿಲ್ಲದಿದ್ದರೆ ಕಾಯುವವರು ಯಾರು? 1990ರ ದಶಕದಲ್ಲಿ ಕಡಲಸೌತೆಯೆಂಬ ಬೆಲೆಬಾಳುವ ಜೀವಿಯನ್ನು ಹಿಡಿಯುವ ವಿಷಯಕ್ಕೆ ಬೆಸ್ತರಿಗೂ ಉದ್ಯಾನದವರಿಗೂ ಘರ್ಷಣೆಯಾಗಿ, 1995ರಲ್ಲಿ ಬೆಸ್ತರು ಸಂಶೋಧನ ಕೇಂದ್ರವನ್ನೇ ವಶಪಡಿಸಿಕೊಂಡಿದ್ದರು. ಹೊಟ್ಟೆಗಿಲ್ಲದವನಿಗೆ ಆಮೆಯ ಮಹತ್ವವನ್ನು ಬೋಧಿಸಿದರೆ ನಾಟುವುದಿಲ್ಲ. ಪ್ರವಾಸಿಯಿಂದ ಮಾರ್ಗದರ್ಶಿಗೆ, ಅಂಬಿಗನಿಗೆ, ಅಡಿಗೆಯವನಿಗೆ ಕೆಲಸ ಸಿಗುತ್ತದೆ. ಅವನು ಕೊಡುವ ಪ್ರವೇಶ ಶುಲ್ಕ ಉದ್ಯಾನಕ್ಕೂ ಅಲ್ಲಿನ ಊರುಗಳಿಗೂ ಹಂಚಿಕೆಯಾಗುತ್ತದೆ. ಸತ್ತ ಪ್ರಾಣಿಗಿಂತ ಬದುಕಿರುವ ಪ್ರಾಣಿಗೆ ಬೆಲೆ ಹೆಚ್ಚೆಂದು ಅಲ್ಲಿನವರಿಗೆ ಅನುಭವದಿಂದ ತಿಳಿದಿದೆ. ಆದ್ದರಿಂದ ನೋಡಲು ಹೋಗುವುದೇ ಪಾಪವೆನ್ನುವುದು ಮನೆಯಲ್ಲಿ ಕುಳಿತವನ ಹೆಮ್ಮೆಯಾದೀತು.

ಎಲ್ಲರೂ ಹೋದರೆ ನಾಶ, ಯಾರೂ ಹೋಗದಿದ್ದರೆ ಕಾವಲಿಲ್ಲ. ಉಳಿದದ್ದು ಕೆಲವರು ಮಾತ್ರ ಹೋಗುವ ದಾರಿ. ಸಣ್ಣ ಹಡಗು ಇರುವುದೇ ಇದಕ್ಕಾಗಿ. ಆದರೆ ನಿಜವಾದ ತೊಡಕು ಶುರುವಾಗುವುದು ಇಲ್ಲಿಯೇ. ಆ ಕೆಲವರು ಯಾರು? ಯಾರು ಆರಿಸಬೇಕು? ಇಂದು ಆರಿಸುತ್ತಿರುವುದು ಹಣ. ಹಡಗು ಸಣ್ಣದಾದಷ್ಟೂ ತಲೆಗೆ ಬೀಳುವ ಖರ್ಚು ದೊಡ್ಡದು. ವಿದೇಶೀ ಪ್ರವಾಸಿಗಳ ಪ್ರವೇಶ ಶುಲ್ಕವನ್ನು 2024ರ ಆಗಸ್ಟಿನಲ್ಲಿ ನೂರು ಡಾಲರಿನಿಂದ ಇನ್ನೂರಕ್ಕೆ ಏರಿಸಿದರು. ಹಡಗಿನ ಬಾಡಿಗೆಯ ಮುಂದೆ ಅದೂ ಚಿಲ್ಲರೆಯೇ. ಹಡಗುಗಳ ಒಟ್ಟು ಜಾಗಗಳಿಗೆ ಮಿತಿ ಹಾಕಿದ ಮೇಲೆ ಹೆಚ್ಚಿದ ಜನ ಬಹುಪಾಲು ದಡದ ಊರುಗಳಲ್ಲಿ ಹೋಟೆಲು ಹಿಡಿದು ನೋಡುವವರು. ಹಡಗು ಹತ್ತಲು ಕೈಸಾಗದ ಮಧ್ಯಮ ವರ್ಗದವರು, ಎಂದರೆ ನಮ್ಮಂಥವರೇ. ಹಡಗಿನಲ್ಲಿ ಬಂದವನು ಅವರನ್ನು ಕಂಡು ‘ಜನ ಹೆಚ್ಚಾಗಿ ಜಾಗ ಕೆಟ್ಟಿತು’ ಎಂದು ಮೂಗು ಮುರಿದರೆ ಅದನ್ನು ಪ್ರಕೃತಿಪ್ರೇಮವೆನ್ನೋಣವೇ, ಜಾತಿಯ ಬೇರೊಂದು ರೂಪವೆನ್ನೋಣವೇ?

ಬೇರೆ ದಾರಿಗಳಿಲ್ಲವೆಂದಲ್ಲ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ನದಿಯಲ್ಲಿ ಸ್ವಂತ ದೋಣಿ ನಡೆಸಿಕೊಂಡು ಹೋಗಬಯಸುವವರಿಗೆ ಚೀಟಿ ಎತ್ತಿ ಅನುಮತಿ ಕೊಡುತ್ತಾರೆ. ಗಲಾಪಗೋಸಿನಲ್ಲೂ ತನ್ನ ದೇಶದ ಪ್ರಜೆಗಳಿಗೆ ಇಕ್ವೆಡಾರ್ ಕಡಿಮೆ ಶುಲ್ಕವಿಟ್ಟಿದೆ. ಹಂಚಬೇಕಾದ ವಸ್ತು ಕಡಿಮೆಯಿದ್ದಾಗ ಸರದಿ, ಚೀಟಿ, ಅಗತ್ಯ ಇವೆಲ್ಲ ನ್ಯಾಯದ ಅಳತೆಗಳಾಗಬಲ್ಲವು. ಪಡಿತರದ ಅಂಗಡಿಯ ಮುಂದೆ ನಿಂತು ಬಂದ ನಮ್ಮ ತಲೆಮಾರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಣವೊಂದೇ ಅಳತೆಯಾದಾಗ ಮಾತ್ರ ‘ಕೊಟ್ಟಿದ್ದೇನೆ, ಆದ್ದರಿಂದ ನೋಡುವುದು ನನ್ನ ಹಕ್ಕು’ ಎಂಬ ಭಾವನೆ ಬೆಳೆಯುತ್ತದೆ. ಹಾಗೆ ಹೋದವನಿಗೆ ಎರಡು ಮೀಟರ್ ದೂರವೂ ಅನ್ಯಾಯವೆನಿಸುತ್ತದೆ. ಮಾರ್ಗದರ್ಶಿ ತಡೆದರೆ ಸಿಟ್ಟು ಬರುತ್ತದೆ.

ಊರು ಬಿಟ್ಟು ಬಂದು ಬದುಕುವ ನಾವು ಮನಸ್ಸಿಗೆ ತಂದುಕೊಳ್ಳಲೇಬೇಕಾದ ಇನ್ನೊಂದು ಸಂಗತಿ ಈ ದ್ವೀಪಗಳಲ್ಲಿದೆ. ಅಲ್ಲಿ ಸುಮಾರು ಮೂವತ್ತು ಸಾವಿರ ಜನ ವಾಸವಾಗಿದ್ದಾರೆ. ಬಹುಮಂದಿ ಪ್ರವಾಸೋದ್ಯಮ ಬೆಳೆದಂತೆ ಕೆಲಸ ಹುಡುಕಿಕೊಂಡು ಇಕ್ವೆಡಾರಿನ ಬಡ ಜಿಲ್ಲೆಗಳಿಂದ ಬಂದವರು, ಅವರ ಮಕ್ಕಳು. 1998ರ ವಿಶೇಷ ಕಾನೂನು ಈ ವಲಸೆಯನ್ನು ಬಿಗಿಯಾಗಿ ತಡೆಯಿತು. ಅಂದಿನಿಂದ ಆ ದೇಶದ ಪ್ರಜೆಯಾದರೂ ಸರಿ, ಅನುಮತಿಯಿಲ್ಲದೆ ದ್ವೀಪದಲ್ಲಿ ನೆಲೆಸಿ ದುಡಿಯುವಂತಿಲ್ಲ, ಸಿಕ್ಕಿದರೆ ವಾಪಸು ಕಳಿಸುತ್ತಾರೆ. ಸಿಹಿನೀರು ಕಡಿಮೆ, ನೆಲ ಕಡಿಮೆ, ಜೀವಗಳು ನಾಜೂಕು. ಇಂಥಲ್ಲಿ ತಡೆ ಬೇಕೆಂಬುದನ್ನು ಒಪ್ಪಲೇಬೇಕು. ಆದರೂ ಒಂದು ಪ್ರಶ್ನೆ ಕೊರೆಯುತ್ತದೆ. ನೋಡಲು ಬಂದ ಪರದೇಶಿಗೆ ಅರವತ್ತು ದಿನದ ಸ್ವಾಗತ, ಅವನ ಹಾಸಿಗೆ ಹಾಸಲು ಬಂದ ಸ್ವದೇಶಿಗೆ ವಾಪಸಿನ ದಾರಿ. ಕೂಲಿಯವನು ಬಂದದ್ದು ಏಕೆ? ಪ್ರವಾಸಿ ಬಂದದ್ದರಿಂದ. ಕಾರಣವನ್ನು ಒಳಗೆ ಬಿಟ್ಟುಕೊಂಡು ಪರಿಣಾಮವನ್ನು ಬಾಗಿಲಲ್ಲಿ ತಡೆದರೆ ಅದು ಅರ್ಧ ನ್ಯಾಯ.

ಕರಾವಳಿಯ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಮುಂಬಯಿಗೆ ಬಂದದ್ದು ಹಡಗಿನಲ್ಲಿ, ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು. ಅವರೂ ಸುಂದರವಾದ ಕರಾವಳಿಯನ್ನೇ ಹಿಡಿದು ಬಂದರು. ತೆಂಗಿನ ತೋಟ, ಹಳೆಯ ಕೋಟೆ, ಕಡಲಹಕ್ಕಿ ಎಲ್ಲವೂ ದಾರಿಯುದ್ದಕ್ಕೂ ಇದ್ದವು. ನೋಡುವ ಬಿಡುವು ಅವರಿಗಿರಲಿಲ್ಲ, ಮನಸ್ಸೆಲ್ಲ ಬಂದರಿನಲ್ಲಿ ಇಳಿದ ಮೇಲೆ ಸಿಗಬೇಕಾದ ಕೆಲಸದ ಮೇಲೆ. ಅವರ ಮಕ್ಕಳು 1960ರ ದಶಕದ ಕೊನೆಯಲ್ಲಿ ಇದೇ ನಗರದಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನೂ ಕೇಳಿದರು. ನಗರಕ್ಕೂ ದ್ವೀಪಕ್ಕೂ ವ್ಯತ್ಯಾಸವಿದೆ. ಬಂದವರನ್ನು ಸೇರಿಸಿಕೊಂಡೇ ನಗರ ಬೆಳೆಯುತ್ತದೆ, ದ್ವೀಪಕ್ಕೆ ಆ ಶಕ್ತಿಯಿಲ್ಲ. ಅದೇನೇ ಇದ್ದರೂ ‘ಹೊರಗಿನವರು’ ಎಂಬ ಮಾತಿನ ಮೊನೆ ಎಂಥದೆಂದು ತಿಳಿದ ನಾವು, ಮಿತಿ ಹಾಕುವಾಗ ಆ ಮೊನೆ ಯಾರ ಕಡೆ ತಿರುಗಿದೆಯೆಂದು ನೋಡದೆ ಇರಬಾರದು. ಸಂತೋಷಕ್ಕಾಗಿ ಬಂದವನ ಮೇಲೆ ಮಿತಿ ಮೊದಲು ಬೀಳಬೇಕು, ಅನ್ನಕ್ಕಾಗಿ ಬಂದವನ ಮೇಲೆ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಅದು ಪ್ರಕೃತಿರಕ್ಷಣೆಯಾಗದೆ ಉಳ್ಳವರ ಅನುಕೂಲವಾಗುತ್ತದೆ.

ಹಾಗಾದರೆ ನೋಡಲು ಹೋಗುವವರ ಧರ್ಮವೇನು? ನಮಗೆ ತೋಚುವುದು ಇಷ್ಟು. ನೋಡುವುದು ಹಕ್ಕಲ್ಲ, ಆತಿಥ್ಯ. ಅತಿಥಿ ಸತ್ಕಾರಕ್ಕೆ ಅರ್ಹನೇ ಹೊರತು ಮನೆಯ ಯಜಮಾನನಲ್ಲ. ಕರೆದಾಗ ಹೋಗಬೇಕು, ಹೇಳಿದಲ್ಲಿ ಕೂಡಬೇಕು, ಹೊತ್ತಾದಾಗ ಏಳಬೇಕು. ಊಟ ಮುಗಿದ ಮೇಲೂ ಎಲೆಯ ಮುಂದೆ ಕುಳಿತಿರುವ ಅತಿಥಿಯನ್ನು ಯಾವ ಮನೆಯವರೂ ಮೆಚ್ಚುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ‘ಈ ವರ್ಷ ಆಗುವುದಿಲ್ಲ, ಬರಬೇಡಿ’ ಎಂದು ಮನೆಯವರು ಹೇಳಿದರೆ ಬೇಸರಿಸದೆ ಒಪ್ಪಬೇಕು. ಸಣ್ಣ ಹಡಗನ್ನು ನಾವು ಮೆಚ್ಚುವುದು ಅದರಲ್ಲಿ ನೂಕುನುಗ್ಗಲಿಲ್ಲವೆಂಬ ಕಾರಣಕ್ಕೋ, ಅದು ಮಿತಿಯನ್ನು ಒಪ್ಪಿದೆಯೆಂಬ ಕಾರಣಕ್ಕೋ ಎಂಬುದು ಆಗ ಪರೀಕ್ಷೆಯಾಗುತ್ತದೆ. ಆ ಮಿತಿ ನಮ್ಮನ್ನೇ ಹೊರಗಿಟ್ಟಾಗಲೂ ಅದು ಸರಿಯೆನ್ನಬಲ್ಲವನೇ ಅದನ್ನು ನಿಜವಾಗಿ ಒಪ್ಪಿದವನು.

ನೋಡದೆ ಇರುವುದು ನಷ್ಟವೇ ಎಂಬ ಮಾತೂ ಇದೆ. ಪ್ರೀತಿಸಲು ನೋಡಲೇಬೇಕೆಂದೇನೂ ಇಲ್ಲ. ಅಜ್ಜಿಯ ಊರಿನ ಹೊಳೆಯನ್ನು ಎಂದೂ ಕಾಣದ, ಅದರ ಹೆಸರು ಕೇಳಿದರೆ ಮುಖ ಅರಳುವ ಮಕ್ಕಳು ನಮ್ಮ ಮನೆಗಳಲ್ಲೇ ಬೆಳೆದಿದ್ದಾರೆ. ಹತ್ತಾರು ವರ್ಷ ಊರಿಗೆ ಹೋಗಲಾಗದೆಯೂ ‘ಅಲ್ಲಿ ಮಳೆ ಬಂತೇ?’ ಎಂದು ವಿಚಾರಿಸುವವರು ನಾವೇ. ದೂರದ್ದೊಂದು ಇದೆ, ಚೆನ್ನಾಗಿದೆ ಎಂಬ ತಿಳಿವಿನಲ್ಲೇ ಒಂದು ಸಮಾಧಾನವಿದೆ. ಹೊರನಾಡಿನಲ್ಲಿ ಬಾಳುವವರಿಗೆ ಇದು ಪುಸ್ತಕದ ಮಾತಲ್ಲ. ಯಾವುದೋ ಕಪ್ಪು ಕಲ್ಲಿನ ಮೇಲೆ ಹಲ್ಲಿಯೊಂದು ಬಿಸಿಲು ಕಾಯಿಸುತ್ತಿದೆ, ಅದಕ್ಕೆ ನಮ್ಮ ಭಯವಿಲ್ಲ ಎಂದು ತಿಳಿದು ಸಂತೋಷಪಡಲು ಹಡಗಿನ ಟಿಕೇಟು ಬೇಕಾಗಿಲ್ಲ.

ನೋಡಲೇಬೇಕೆಂಬ ಆಸೆಯಿದ್ದವರಿಗೆ ಹತ್ತಿರದಲ್ಲೇ ಅಭ್ಯಾಸಕ್ಕೆ ಅವಕಾಶವಿದೆ. ಮುಂಬಯಿಯ ಠಾಣೆ ಖಾರಿಗೆ ವರ್ಷವರ್ಷವೂ ಸಾವಿರಗಟ್ಟಲೆ ರಾಜಹಂಸಗಳು ಬರುತ್ತವೆ. 2015ರಲ್ಲಿ ಅದರ ಒಂದು ಭಾಗ ಪಕ್ಷಿಧಾಮವಾಯಿತು. ಐರೋಳಿಯಿಂದ ದೋಣಿಯಲ್ಲಿ ಹೋಗಿ ನೋಡಬಹುದು. ‘ಇನ್ನೂ ಹತ್ತಿರ ಹೋಗು, ಎಲ್ಲ ಒಟ್ಟಿಗೆ ಹಾರಿದರೆ ಫೋಟೋ ಚೆನ್ನಾಗಿ ಬರುತ್ತದೆ’ ಎಂದು ಅಂಬಿಗನನ್ನು ಒತ್ತಾಯಿಸದೆ ಹಿಂತಿರುಗಿದವನು ಗಲಾಪಗೋಸಿಗೆ ಹೋಗಲು ಯೋಗ್ಯನಾದನೆಂದು ತಿಳಿಯಬಹುದು.

ಕಾಶಿಗೆ ಹೋದವರು ಏನನ್ನಾದರೂ ಬಿಟ್ಟು ಬರುತ್ತಿದ್ದರು. ಈ ಹೊಸ ಯಾತ್ರೆಗಳಿಗೂ ಅಂಥದೊಂದು ಕಟ್ಟುಪಾಡು ಬೇಕೆಂದು ನಮಗೆ ತೋರುತ್ತದೆ. ಇಲ್ಲಿ ಬಿಡಬೇಕಾದ್ದು ಹಣ್ಣೂ ಅಲ್ಲ, ತರಕಾರಿಯೂ ಅಲ್ಲ. ದುಡ್ಡು ಕೊಟ್ಟವನಿಗೆ ಜಗತ್ತೆಲ್ಲ ಬಾಗಿಲು ತೆರೆದಿರಬೇಕೆಂಬ ಎಣಿಕೆಯನ್ನು ಬಿಡಬೇಕು. ಹೋಗಿ ಬಂದವರೂ ಬಿಡಬಹುದು, ಹೋಗದವರೂ ಬಿಡಬಹುದು. ಹಾಗಲಕಾಯಿ ಬಿಟ್ಟಷ್ಟು ಸುಲಭವಲ್ಲ, ನಿಜ.